ಮ್ಯಾನೇಜರ್ ಮುತ್ತಿಟ್ಟ ಮೀನು

ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟು, ಎಲೆ ಉದುರುವ ಚಳಿಯಲ್ಲಿ ನ್ಯೂಜೆರ್ಸಿಯ ಹೊಳೆಯೊಳಗೆ ಬೆಳಗಿನಿಂದ ನಿಂತಿದ್ದ ನನ್ನ ಮ್ಯಾನೇಜರ್, ಗರಿಯಿಂದ ಮಾಡಿದ ನಕಲಿ ನೊಣ ತೋರಿಸಿ ಕೊನೆಗೂ ಒಂದು ಟ್ರೌಟ್ ಮೀನು ಹಿಡಿದರು. ಅದಕ್ಕೊಂದು ಮುತ್ತಿಟ್ಟು ವಾಪಸ್ ನೀರಿಗೆ ಬಿಟ್ಟರು!

ಕುಂದಾಪುರದಿಂದ ಬಂದಿದ್ದ ನನ್ನ ಅತ್ತೆ ದಂಗಾದರು. "ಹಿಡ್ದ್ ವಾಪಾಸ್ ಬಿಡೂಕೆ ಇಷ್ಟೆಲ್ಲ ವೇಷ ಎಂತಕೆ? ಇವ್ನಿಗೆ ತಲಿ ಸಮ ಇಲ್ಯಾ?"

ಅವರೇನೆಂದರು ಎಂದು ಮ್ಯಾನೇಜರ್ ಕೇಳಿದರು. ಅದು ಎರಡು ಸಾವಿರದ ಇಸವಿಯ ಆಸುಪಾಸಿನ ವೈ-ಟೂ-ಕೆ (Y2K) ಕಾಲ; ನನ್ನ ಗ್ರೀನ್ ಕಾರ್ಡ್ ಅರ್ಜಿ ಅವರ ಕೈಯಲ್ಲಿತ್ತು. ನಿಮ್ಮ ಕೈಚಳಕಕ್ಕೆ ಮಾರುಹೋಗಿದ್ದಾರೆ ಎಂದೆ. ಉಬ್ಬಿಹೋದ ಅವರು ಮುಂದಿನ ಮೀನನ್ನು ಅತ್ತೆಗೇ ಕೊಟ್ಟರು.

ಮನೆಯಲ್ಲಿ ಅದನ್ನು ಮಸಾಲೆ ಹಚ್ಚಿ ಹುರಿದ ಅತ್ತೆ, ಒಂದು ತುಂಡು ತಿಂದು ತಟ್ಟೆ ಸರಿಸಿದರು. "ಮಣ್ಣ್ ವಾಸ್ನಿ. ಅಂವ ಬಿಟ್ಟದ್ದೇ ಸಮ."

ಸೋಮವಾರ ಆಫೀಸಿನಲ್ಲಿ ಮೀನು ಅದ್ಭುತವಾಗಿತ್ತು ಎಂದೆ. ಗ್ರೀನ್ ಕಾರ್ಡ್ ಬಂತು. ಅದರ ಜೊತೆ ಪ್ರತಿ ಅಕ್ಟೋಬರಿನಲ್ಲೂ ತಪ್ಪದೆ ಒಂದು ಟ್ರೌಟ್ ಕೂಡ ಬರತೊಡಗಿತು.