ನಾನೂರ ಹದಿನೇಳನೆಯ ಬಿಲ್ಲೆ

ನಾನು ಬರೆದ ಪುಸ್ತಕದಲ್ಲಿ ಒಂದು ಸುಳ್ಳು ವಾಕ್ಯವಿದೆ. ಸುಳ್ಳೆಂದು ಗೊತ್ತಿದ್ದೇ ಬರೆದೆ. ಮುಂದೆ ಹೇಳುವ ವಿವರಗಳಲ್ಲಿ ಕೆಲವು ತಪ್ಪಿರಬಹುದು — ನನ್ನ ಸೋದರಮಾವ ಯಾವ ಮಾತನ್ನು ಮೊದಲು ಹೇಳಿದರು, ಯಾವುದನ್ನು ಆಮೇಲೆ ನಾನೇ ಸೇರಿಸಿಕೊಂಡೆ, ಈಗ ಖಚಿತವಿಲ್ಲ. ಅವರ ಮಾತಿನ ರೆಕಾರ್ಡಿಂಗ್ ನನ್ನ ಫೋನಿನಲ್ಲಿತ್ತು. ಅದನ್ನು ಅಳಿಸಿಹಾಕಿದ್ದೂ ನಾನೇ. ಹಾಗಾಗಿ ಮರೆವಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ಆ ವಾಕ್ಯ ಇದು: ‘ಮೂರನೆಯ ಶಾಫ್ಟಿನ ಕುಸಿತದಲ್ಲಿ ಯಾವುದೇ ಪ್ರಾಣಹಾನಿಯಾಗಲಿಲ್ಲ.’

ಪುಸ್ತಕ ಒಂದು ಸಣ್ಣ ಚಿನ್ನದ ಗಣಿಯ ಊರಿನ ಚರಿತ್ರೆ. ಆ ಊರಿನಲ್ಲಿ ನಾನು ಒಂದು ದಿನವೂ ಬದುಕಿದವಳಲ್ಲ. ನಾನು ಕೈಲಾಂಚದವಳು, ರಾಮನಗರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತೇನೆ. ಅಲ್ಲಿ ದುಡಿದವರು ನನ್ನ ಸೋದರಮಾವ. ವಿರೂಪಾಕ್ಷಿಪುರದಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಹೋಗಿ, ಗಣಿ ಮುಚ್ಚಿದ ಮೇಲೆ ರಾಮನಗರಕ್ಕೆ ಬಂದು, ಒಬ್ಬ ಸಾಬರ ರೇಷ್ಮೆ ರೀಲಿಂಗ್ ಮನೆಯಲ್ಲಿ ಗೂಡು ಬೇಯಿಸುವ ಕೆಲಸಕ್ಕೆ ಸೇರಿದವರು. ಅವರ ಬಾಯಿಂದ ಕೇಳಿ ಕೇಳಿ ಆ ಊರಿನ ಬೀದಿಗಳು ನನಗೆ ನಮ್ಮೂರಿಗಿಂತ ಚೆನ್ನಾಗಿ ಗೊತ್ತಿದ್ದವು — ಅಥವಾ ಗೊತ್ತಿವೆ ಎಂದುಕೊಂಡಿದ್ದೆ.

ಗಣಿಯಲ್ಲಿ ಪ್ರತಿಯೊಬ್ಬ ಕಾಯಂ ಕೆಲಸಗಾರನಿಗೂ ಸಂಖ್ಯೆ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಕೆಳಗಿಳಿಯುವಾಗ ಶಾಫ್ಟಿನ — ಗಣಿಗಿಳಿಯುವ ಆಳದ ಬಾವಿಯ — ಬಾಯಲ್ಲಿದ್ದ ಹಲಗೆಯ ಮೊಳೆಯಿಂದ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಾಗ ಅದೇ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿಯಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಮುಖ ಯಾರೂ ನೋಡುತ್ತಿರಲಿಲ್ಲ, ಹಲಗೆ ನೋಡುತ್ತಿದ್ದರು. ಮಾವನ ಸಂಖ್ಯೆ ನಾನೂರ ಹದಿನೇಳು.

ನನಗೆ ಹೆಸರಿಡುವ ದಿನ ಅವರಿಗೆ ಪಾಳಿಯಿತ್ತು.

“ರಜಾ ಕೊಡಾಕಿಲ್ಲ ಅಂದ್ಬುಟ್ರು ಕಣವ್ವ. ಅಕ್ಕನ ಮೊದ್ಲನೇ ಕೂಸು — ಸೋದರಮಾವ ಇಲ್ದೆ ತೊಟ್ಲಿಗಾಕದುಂಟಾ? ಮೊಳೆಯಿಂದ ಬಿಲ್ಲೆ ತಗ್ದು ಮುನುಸಾಮಿ ಕೈಗೆ ಕೊಟ್ಟು ಬಸ್ಸತ್ತುಬುಟ್ಟೆ.”

ಮುನಿಸ್ವಾಮಿ ಅವರ ಗೆಳೆಯ. ಗಣಿಯ ಮೇಲ್ಭಾಗದಲ್ಲಿ ಕಲ್ಲು ಹೊರುವ ದಿನಗೂಲಿ. ಅವನಿಗೆ ಬಿಲ್ಲೆಯೇ ಇರಲಿಲ್ಲ. ಕೆಳಗಿನ ಕೆಲಸ ಕಲಿತರೆ ಮುಂದೆ ಕಾಯಂ ಆಗಬಹುದು ಎಂಬ ಆಸೆಗೆ ಮಾವನ ಬದಲು ಇಳಿದನಂತೆ. ಅವತ್ತು ಮಧ್ಯಾಹ್ನ ಮೂರನೆಯ ಶಾಫ್ಟಿನ ಕೆಳಗೆ ಬಂಡೆ ಸಿಡಿದು ಒಂದು ಸುರಂಗದ ಬಾಯಿ ಮುಚ್ಚಿಹೋಯಿತು. ಒಬ್ಬೊಬ್ಬರಾಗಿ ಉಳಿದವರೆಲ್ಲ ಮೇಲೆ ಬಂದರು. ಹಲಗೆಯಲ್ಲಿ ಒಂದೇ ಮೊಳೆ ಖಾಲಿ, ನಾನೂರ ಹದಿನೇಳು. ಮಾವನಿಗಾಗಿ ಅಗೆಯಲು ಶುರುಮಾಡಿದರು.

ಮರುದಿನ ಮಾವ ನನ್ನ ನಾಮಕರಣದ ಹೋಳಿಗೆ ಬುತ್ತಿ ಹಿಡಿದು ಬಸ್ಸಿಳಿದರು. ಗಣಿಯ ಬಾಗಿಲಲ್ಲಿ ಜನ. ಒಬ್ಬ ಓಡಿಬಂದು ತಬ್ಬಿಕೊಂಡನಂತೆ.

“‘ಲೇ, ಬದುಕಿದ್ದೀಯೇನ್ಲಾ! ನಿನ್ ತಿಥಿ ಊಟಕ್ಕೆ ಎಲೆ ಎಷ್ಟು ಬೇಕು ಅಂತ ಲೆಕ್ಕ ಆಕ್ತಿದ್ದೋ ಕಣ್ಲಾ!’ ಅಂದ. ಎಲ್ರೂ ನಗಾಡಿದ್ರು. ನಾನೂ ನಕ್ಕುಬುಟ್ಟೆ ಕಣವ್ವ. ಆಮೇಲೆ ಮೇಸ್ತ್ರಿ ಕೇಳ್ದ, ಎಲ್ಲಿಂದ ಬಂದೆ ಅಂತ. ಹಳೇ ಶಾಫ್ಟಿಂದ ಹತ್ಕಂಡು ಬಂದೆ, ತಲೆ ಸುತ್ತು ಬಂದು ಗುಡಿಸಲಲ್ಲಿ ಮಲಗ್ಬುಟ್ಟಿದ್ದೆ, ಬಿಲ್ಲೆ ಕಳ್ದೋಯ್ತು ಅಂದೆ.”

ಬೇರೆಯವನನ್ನು ತನ್ನ ಬಿಲ್ಲೆಯಲ್ಲಿ ಇಳಿಸಿದರೆ ಕೆಲಸ ಹೋಗುತ್ತಿತ್ತು. ಅಷ್ಟೇ ಭಯವೋ, ಇನ್ನೇನಾದರೂ ಇತ್ತೋ — ಅವರಿಗೂ ಗೊತ್ತಿಲ್ಲವಂತೆ. ಲೆಕ್ಕ ಸರಿಹೋಯಿತು. ಕೆಳಗೆ ಯಾರೂ ಉಳಿದಿಲ್ಲ. ಅಗೆಯುವುದನ್ನು ನಿಲ್ಲಿಸಿ ಸುರಂಗಕ್ಕೆ ಗೋಡೆ ಕಟ್ಟಿದರು. ಮಾವನಿಗೆ ಅದೇ ಸಂಖ್ಯೆಯ ಹೊಸ ಬಿಲ್ಲೆ ಸಿಕ್ಕಿತು. ಮುನಿಸ್ವಾಮಿ ಹೆಂಡತಿಯನ್ನೂ ಮಗಳನ್ನೂ ಬಿಟ್ಟು ಎಲ್ಲೋ ಓಡಿಹೋದ ಎಂದು ಊರು ಮಾತಾಡಿಕೊಂಡಿತು. ಮಾವ ಆ ಮಾತನ್ನು ತಿದ್ದಲಿಲ್ಲ.

ಇದಿಷ್ಟನ್ನೂ ಹೇಳಿ ಮುಗಿಸಿ ಅವರು ಹೇಳಿದ ಮಾತು ಮಾತ್ರ ನನಗೆ ಅಕ್ಷರ ತಪ್ಪದೆ ನೆನಪಿದೆ. “ಬರ್ಕಳವ್ವ. ನಾನ್ ಸಾಯೋದ್ರೊಳಗೆ ಒಂದ್ ಕಡೆ ಅವ್ನ ಎಸ್ರು ಇರ್ಲಿ.”

ನಾನು ಬರೆಯಲಿಲ್ಲ.

ಮುದುಕನನ್ನು ಕಾಪಾಡಿದೆ ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಆ ಪುಟವನ್ನು ಈಗ ಓದಿದರೆ — ಇಲ್ಲ, ಅವರು ಕಾಪಾಡು ಎಂದು ಕೇಳಿರಲಿಲ್ಲ. ನನ್ನ ತೊಟ್ಟಿಲಿನಿಂದ ಆ ಸುರಂಗದವರೆಗೆ ಒಂದು ದಾರಿಯಿದೆ ಎಂಬುದನ್ನು ನನ್ನ ಸಹೋದ್ಯೋಗಿಗಳು ಓದುವುದು ನನಗೆ ಬೇಕಿರಲಿಲ್ಲ. ಗಣಿ ಮುಚ್ಚಿದ ಮೇಲೆ ಮಾವನಲ್ಲೇ ಉಳಿದ ಆ ಹೊಸ ಬಿಲ್ಲೆ ಅವರ ಬೀಗದ ಕೈಗೊಂಚಲಿನಲ್ಲಿ ಇತ್ತೀಚಿನವರೆಗೂ ಇತ್ತು. ಚಿಕ್ಕವಳಿದ್ದಾಗ ನಾನು ಅದನ್ನು ಕಚ್ಚಿ ಆಡುತ್ತಿದ್ದೆನಂತೆ. ಅದರ ಫೋಟೊವನ್ನೇ ಮುಖಪುಟಕ್ಕೆ ಹಾಕಿದೆ. ಚೆನ್ನಾಗಿ ಕಾಣುತ್ತದೆ ಎಂದು.

ಪುಸ್ತಕ ಬಂದ ದಿನ ಮಾವ ರೀಲಿಂಗ್ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಅವರಿಗೆ ರುಜು ಹಾಕುವಷ್ಟೇ ಅಕ್ಷರ ಬರುವುದು.

“ಮುನುಸಾಮಿ ಎಸ್ರು ಎಲ್ಲೈತೆ? ತೋರ್ಸು.”

ಪುಟ ತಿರುವಿದೆ. ಯಾವುದೋ ಒಂದು ಸಾಲು ತೋರಿಸಿದೆ. “ಇಲ್ಲೇ, ಮಾವ.”

ಅವರು ಅದರ ಮೇಲೆ ಬೆರಳಿಟ್ಟು ಕಣ್ಣುಮುಚ್ಚಿಕೊಂಡರು. ಬೇಯಿಸಿದ ಗೂಡಿನ ಬಿಸಿನೀರಿನಲ್ಲಿ ಬಿಳಿಚಿಕೊಂಡ ಬೆರಳು. ಎಷ್ಟು ಹೊತ್ತು ಇಟ್ಟರೋ. ನಾನು ಪುಟವನ್ನು ಹಿಡಿದೇ ಇದ್ದೆ. ಬಿಡುವಂತಿರಲಿಲ್ಲ, ಎಳೆದುಕೊಳ್ಳುವಂತೆಯೂ ಇರಲಿಲ್ಲ. ಇವತ್ತಿಗೂ ಆ ಪುಟವನ್ನು ಹಾಗೇ ಹಿಡಿದು ನಿಂತಿದ್ದೇನೆ ಅನ್ನಿಸುತ್ತದೆ.

ಆಮೇಲೆ ಚನ್ನಪಟ್ಟಣದಲ್ಲಿ ಪುಸ್ತಕದ ಬಗ್ಗೆ ಮಾತಾಡಲು ಕರೆದರು. ಮುಗಿದ ಮೇಲೆ ಒಬ್ಬ ಹೆಂಗಸು ಬಂದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಉಗುರಿನಂಚಿನಲ್ಲಿ ಕೆಂಪು ಅರಗು — ಮರದ ಬೊಂಬೆಗಳಿಗೆ ಬಣ್ಣ ಕೂರಿಸುವವಳು. ಹೆಸರು ಸೆಲ್ವಿ. ಮುನಿಸ್ವಾಮಿಯ ಮಗಳು.

“ನಿಮ್ ಪುಸ್ತಕ ಎಲ್ಡು ಸಲ ಓದ್ದೆ ಮೇಡಂ. ನಮ್ಮಪ್ಪ ಅವತ್ತು ಬೆಳಿಗ್ಗೆ ಯಾರ್ದೋ ಬಿಲ್ಲೆ ಇಸ್ಕೊಂಡು ಹೋದ್ರು ಅಂತ ಅಮ್ಮ ಹೇಳೋದು. ಊರಲ್ಲಿ ಯಾರೂ ನಂಬಲಿಲ್ಲ. ಗಂಡನ್ನ ಓಡಿಸಿದೋಳು ಅಂತ ಅಮ್ಮನ್ನೇ ಆಡ್ಕೊಂಡ್ರು.” ಮುಖಪುಟದ ಮೇಲೆ ಉಗುರಿಟ್ಟಳು. “ಬಿಲ್ಲೆ ಅಂದ್ರೆ ಇದೇನಾ ಮೇಡಂ?”

ಹೌದು ಎಂದೆ.

“ನೀವು ಓದಿರೋರು. ಯಾರೂ ಸಾಯ್ಲಿಲ್ಲ ಅಂತ ಬರ್ದಿದೀರಿ. ಹಂಗಾದ್ರೆ ನಮ್ಮಪ್ಪ ಓಡೇ ಹೋದ್ರಾ?”

“ದಾಖಲೆ ಇಲ್ಲ” ಎಂದೆ.

ಎರಡೇ ಪದ. ನನ್ನ ಓದೆಲ್ಲ ಆ ಎರಡು ಪದಕ್ಕೆ ಒದಗಿಬಂತು. ಅವಳು ಪುಸ್ತಕದ ಮೇಲೆ ನನ್ನ ರುಜು ಹಾಕಿಸಿಕೊಂಡಳು. “ಅಮ್ಮ ಇದಾರೆ ಇನ್ನೂ. ಓದಿ ಹೇಳ್ತೀನಿ” ಎಂದಳು. ರುಜು ಹಾಕಿದೆ, ಶುಭಾಶಯವನ್ನೂ ಬರೆದೆ ಅನ್ನಿಸುತ್ತದೆ. ಬರೆದಿರದಿದ್ದರೆ ಒಳ್ಳೆಯದಿತ್ತು.

ಹತ್ತು ದಿನದ ಹಿಂದೆ ಮಾವನಿಗೆ ಎಲ್ಲವನ್ನೂ ಹೇಳಿದೆ — ಹೆಸರು ಪುಸ್ತಕದಲ್ಲಿ ಇಲ್ಲ, ಸೆಲ್ವಿ ಚನ್ನಪಟ್ಟಣದಲ್ಲೇ ಇದ್ದಾಳೆ, ಅವಳಿಗೂ ಸುಳ್ಳು ಹೇಳಿದೆ ಎಂದು. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ.

“ಮತ್ತೆ ನಾನ್ ಬೆಳ್ಳು ಮಡಗಿದ್ದು ಯಾವ್ದ್ರ ಮ್ಯಾಲೆ?”

“ಬೀದಿ ದೀಪಗಳ ಬಗ್ಗೆ ಬರೆದಿತ್ತು ಮಾವ. ಆ ಊರಿಗೆ ಮೊದಲೇ ಕರೆಂಟು ಬಂತು ಅಂತ.”

ಅವರು ಬೀಗದ ಕೈಗೊಂಚಲಿನಿಂದ ಬಿಲ್ಲೆ ಬಿಡಿಸಿ ನನ್ನ ಮುಂದಿಟ್ಟರು. ಭಾನುವಾರ ಅದನ್ನು ತೆಗೆದುಕೊಂಡು ಚನ್ನಪಟ್ಟಣಕ್ಕೆ ಹೋಗುತ್ತೇನೆ. ಸೆಲ್ವಿಗೂ ಅವಳ ತಾಯಿಗೂ, ಇಲ್ಲಿ ಬರೆದದ್ದನ್ನು ಓದಿ ಹೇಳುತ್ತೇನೆ. ಅವರು ಏನು ಮಾಡಿದರೂ ಅದು ಅವರ ಹಕ್ಕು.

ಆದರೆ ಒಂದು ವಿಷಯ ಉಳಿದಿದೆ. ಕೆಳಗೆ ಸಿಕ್ಕಿಕೊಂಡವರು ತಾವು ಬದುಕಿದ್ದೇವೆ ಎಂದು ತಿಳಿಸಲು ಮೇಲಿನಿಂದ ಇಳಿದ ಗಾಳಿಯ ಪೈಪನ್ನು ಕಲ್ಲಿನಿಂದ ಬಡಿಯುತ್ತಿದ್ದರು. ಪುಸ್ತಕದಲ್ಲಿ ನಾನೇ ಅದರ ಬಗ್ಗೆ ಒಂದು ಪುಟ ಬರೆದಿದ್ದೇನೆ. ಅಳಿಸಿಹಾಕಿದ ಆ ರೆಕಾರ್ಡಿಂಗಿನಲ್ಲಿ ಮಾವ, “‘ಪೈಪಲ್ಲಿ ಸದ್ದು ಬರ್ತೈತೆ’ ಅಂತ ಅವತ್ತು ಒಬ್ಬ ಅಂದ, ‘ಎಲ್ಲ ಬಂದಾಯ್ತಲ್ಲ, ಕಲ್ಲು ಕೂರ್ತಿರಬೇಕು’ ಅಂತ ಮಿಕ್ಕೋರು ಅಂದ್ರು” ಎಂದು ಹೇಳಿದ ಹಾಗೆ ನನಗೆ ನೆನಪು. ಹೇಳಿದರೋ, ಆ ಪುಟ ಬರೆಯುತ್ತಾ ನಾನೇ ಕಲ್ಪಿಸಿಕೊಂಡೆನೋ. ಸೆಲ್ವಿಯ ತಾಯಿ ಕೇಳದೆ ಇರುವುದಿಲ್ಲ. ಅದಕ್ಕೇ ಮಾವನನ್ನು ಕೇಳಿದೆ. ಅವರು ಎದ್ದು ಒಳಗೆ ಹೋದರು. ಒಂಬತ್ತು ದಿನವಾಯಿತು, ನನ್ನ ಜೊತೆ ಮಾತಾಡಿಲ್ಲ. ನಾನು ಕೇಳಿದ್ದು ಇಷ್ಟು:

“ಮಾವ, ನೀನು ಹೋಳಿಗೆ ಬುತ್ತಿ ಹಿಡಿದು ಅಲ್ಲಿ ನಿಂತಿದ್ಯಲ್ಲ — ಪೈಪಿನ ಸದ್ದು ನಿನಗೂ ಕೇಳಿಸ್ತಾ?”