ರೇಷ್ಮೆ ವ್ಯಾಪಾರಿಯ ಹತ್ತಿ ಅಂಗಿ

ಫಂಗ್ ಶಿಲಿನ್‌ಗೆ ಹುಝೌ ಪೇಟೆಯಲ್ಲಿ ರೇಷ್ಮೆ ಅಂಗಡಿ. ಬಟ್ಟೆಯನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಸಾಕು, ಅದು ಯಾವ ಊರಿನ ಹುಳುವಿನದು, ವಸಂತದ ನೂಲೋ ಬೇಸಿಗೆಯದೋ ಎಂದು ಹೇಳಿಬಿಡುತ್ತಿದ್ದ. ಮೈಮೇಲೆ ಮಾತ್ರ ಸದಾ ನೀಲಿ ಹತ್ತಿ ಅಂಗಿ. ಜಿಪುಣತನವಲ್ಲ, ಚಕ್ರವರ್ತಿಯ ಅಪ್ಪಣೆ. ಓದಿದವರು ಮೊದಲು, ಉಳುವವರು ಆಮೇಲೆ, ಕೈಕೆಲಸದವರು ಅವರ ಹಿಂದೆ, ಕೊಂಡು ಮಾರುವವರು ಕಟ್ಟಕಡೆಗೆ. ಉಳುವವನು ರೇಷ್ಮೆ ಉಡಬಹುದು. ಕೊಳ್ಳಲು ಅವನ ಹತ್ತಿರ ಕಾಸಿಲ್ಲ, ಅದು ಬೇರೆ ಮಾತು. ಮಾರುವವನು ಉಡುವಂತಿಲ್ಲ. ಒಂದು ಮನೆಯಲ್ಲಿ ಒಬ್ಬನೇ ಒಬ್ಬ ವ್ಯಾಪಾರಿಯಿದ್ದರೂ ಆ ಮನೆಯವರು ಯಾರೂ ಉಡುವಂತಿಲ್ಲ. ಈ ಅಪ್ಪಣೆ ಬರೆದ ಪುಣ್ಯಾತ್ಮ ಯಾವ ಅಂಗಡಿಯ ರೇಷ್ಮೆ ತೊಟ್ಟು ಕುಳಿತು ಬರೆದನೋ, ಕೇಳುವವರಿಲ್ಲ.

ಚಹಾದಂಗಡಿಯಲ್ಲಿ ಗೆಳೆಯರು ಕೆಣಕುತ್ತಿದ್ದರು. "ಏನ್ ಸಾಹುಕಾರ್ರೇ, ದೀಪದ ಬುಡದಲ್ಲಿ ಕತ್ತಲೆ ಅಂದ್ರೆ ನೀವೇ ನೋಡಿ!"

"ಬೆಳಕು ನಿಮಗಿರ್ಲಿ, ಎಣ್ಣೆ ಮಾರಿದ ಕಾಸು ನನಗಿರ್ಲಿ," ಎಂದು ಶಿಲಿನ್ ನಗುತ್ತಿದ್ದ. ನಿಜಕ್ಕೂ ಅವನಿಗೆ ಅದರ ಕೊರಗು ಇರಲಿಲ್ಲ. ಕೊರಗು ತಂದಿಟ್ಟವಳು ಹೆತ್ತ ತಾಯಿ.

ಅವಳಿದ್ದದ್ದು ಹಳ್ಳಿಯಲ್ಲಿ, ಹಿರಿಮಗ ದಾಗೆನ್ ಜೊತೆ. ದಾಗೆನ್‌ಗೆ ಒಂದಿಷ್ಟು ಗದ್ದೆ, ಒಂದು ಹಿಪ್ಪುನೇರಳೆ ತೋಟ. ತಮ್ಮ ಶಿಲಿನ್ ಪೇಟೆಯಲ್ಲಿದ್ದರೂ ಸರ್ಕಾರದ ಲೆಕ್ಕದಲ್ಲಿ ಎಲ್ಲರದೂ ಒಂದೇ ಮನೆ. ಆ ವರ್ಷ ಅಧಿಕ ಮಾಸ ಬಂತು. ಮುದುಕರಿಗೆ ಸತ್ತಾಗ ತೊಡಿಸುವ ಕೊನೆಯ ಬಟ್ಟೆಯನ್ನು ಆ ತಿಂಗಳಲ್ಲೇ ಹೊಲಿಸಿಡಬೇಕು, ಹಾಗೆ ಮಾಡಿದರೆ ಆಯುಸ್ಸು ಹೆಚ್ಚುತ್ತದೆ. ದಾಗೆನ್ ಒಳ್ಳೆಯ ಹತ್ತಿ ಬಟ್ಟೆ ತಂದು ತಾಯಿಯ ಮುಂದಿಟ್ಟ. ಅವಳು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

"ಮದುವೆಯಾಗಿ ಬಂದಾಗ್ಲಿಂದ ಹುಳ ಸಾಕ್ತಾ ಇದೀನಿ. ಆ ಹುಳ ಕೂಡ ರೇಷ್ಮೆ ಸುತ್ಕೊಂಡೇ ಸಾಯ್ತದೆ. ನಾನೇನು ಹುಳಕ್ಕಿಂತ ಕಡೆನಾ?"

"ಅಮ್ಮಾ, ಸಾವಿಗೆ ಊರಿನ ಯಜಮಾನ್ರು ಬರ್ತಾರೆ, ನೋಡ್ತಾರೆ. ಬೆತ್ತದೇಟು ತಿನ್ನೋನು ನಾನು," ಎಂದ ದಾಗೆನ್. ಎಂದವನು ತಮ್ಮನ ಕಡೆ ನೋಡಿದ. ಹಬ್ಬಕ್ಕೆಂದು ಬಂದಿದ್ದ ಶಿಲಿನ್‌ಗೆ ಆ ನೋಟ ಚುಚ್ಚಿತು. ತನ್ನ ಸಂಪಾದನೆಯಲ್ಲಿ ಈ ಮನೆಗೆ ಹೆಂಚು ಬಂದಿದೆ, ಕೊಟ್ಟಿಗೆಗೆ ಎಮ್ಮೆ ಬಂದಿದೆ. ಆಗ ಯಾರಿಗೂ ವ್ಯಾಪಾರಿ ಹೊಲಸಾಗಿರಲಿಲ್ಲ.

"ಹಾಗಾದ್ರೆ ಒಂದು ಕೆಲಸ ಮಾಡಿ. ತೀರಿಹೋದ ಚಿಕ್ಕಪ್ಪನಿಗೆ ಮಕ್ಕಳಿಲ್ಲ. ನನ್ನನ್ನ ಅವನಿಗೆ ದತ್ತು ಕೊಟ್ಬಿಡಿ. ಆಮೇಲೆ ಈ ಮನೇಲಿ ವ್ಯಾಪಾರಿನೂ ಇಲ್ಲ, ತಂಟೆನೂ ಇಲ್ಲ. ಅಮ್ಮ ಏನ್ ಬೇಕಾದ್ರೂ ಉಡ್ಲಿ."

ಸಿಟ್ಟಿನಲ್ಲಿ ಆಡಿದ ಮಾತು. ದತ್ತು ಹೋದವನು ಹೆತ್ತವಳಿಗೆ ಮಗನಲ್ಲ. ಹಬ್ಬದಲ್ಲಿ ಮಗನ ಜಾಗವಿಲ್ಲ, ಸಾವಿನಲ್ಲಿ ಮಗನ ಸೂತಕವಿಲ್ಲ. ಬಾಯಿ ಮುಚ್ಚೋ ಮುಠ್ಠಾಳ ಎಂದು ತಾಯಿ ಬೈಯುತ್ತಾಳೆ ಎಂದೇ ಅವನು ಬಾಯಿ ಬಿಟ್ಟಿದ್ದ.

ತಾಯಿ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿದಳು. "ಆಗ್ಲಿ," ಎಂದಳು.

"ಏನಮ್ಮಾ?"

"ಆಗ್ಲಿ ಅಂದೆ. ಅಧಿಕ ಮಾಸ ಕಳೆಯೋದ್ರೊಳಗೆ ಮುಗಿಸಿ."

ಶಿಲಿನ್‌ಗೆ ಕಪಾಳಕ್ಕೆ ಬಿದ್ದಂತಾಯಿತು. ಆದರೆ ಬಾಯಿಂದ ಬಿದ್ದ ಬೆಲೆಯನ್ನು ಹಿಂದಕ್ಕೆ ತೆಗೆದುಕೊಳ್ಳುವವನು ಅವನಲ್ಲ. ಊರಿನ ಯಜಮಾನ ಚೂ ಬಂದು ಕುಳಿತ, ಬಾತುಕೋಳಿ ಊಟ ಮಾಡಿದ, ದತ್ತಿನ ಕಾಗದಕ್ಕೆ ಮೊಹರು ಒತ್ತಿದ. ಶಿಲಿನ್ ಚಿಕ್ಕಪ್ಪನ ಹೆಸರಿನ ಫಲಕಕ್ಕೆ ಹಣೆ ಮುಟ್ಟಿಸಿ ಎದ್ದು, ತಾಯಿಯ ಕಡೆ ತಿರುಗಿ, "ಅಮ್ಮಾ, ಹೊರಡ್ತೀನಿ" ಎಂದ.

"ದೊಡ್ಡಮ್ಮ ಅನ್ನು. ಯಜಮಾನ್ರು ಕೇಳಿಸ್ಕೋತಿದಾರೆ."

ಶಿಲಿನ್ ಅಂಗಡಿಯಲ್ಲಿದ್ದ ಅತಿ ಒಳ್ಳೆಯ ರೇಷ್ಮೆಯನ್ನೇ ಕಳಿಸಿದ. ತಾನು ಹೋಗಿ ಕೊಡಲಿಲ್ಲ. "ಒಂದು ತುಂಡು ಬಟ್ಟೆಗೆ ನನ್ನ ಮಾರ್ಕೊಂಡ್ಲು ಮುದುಕಿ," ಎಂದು ಹೆಂಡತಿಯೆದುರು ಕುದಿದ.

"ಬೆಲೆ ಹೇಳಿದ್ದು ನೀವೇ ಅಲ್ವಾ," ಎಂದಳು ಅವಳು.

ಆಮೇಲೆ ಹೊಸ ವರ್ಷಕ್ಕೆ ಹಳ್ಳಿಗೆ ಹೋದರೆ ಅಣ್ಣನ ಮಕ್ಕಳು ಅವನಿಗೆ ಅತಿಥಿಯ ಬಟ್ಟಲಲ್ಲಿ ಚಹಾ ಕೊಡುತ್ತಿದ್ದರು. ಅವನು ಬಾಗಿಲ ಬಳಿ ಕುಳಿತು, ದೊಡ್ಡಮ್ಮನ ಆರೋಗ್ಯ ವಿಚಾರಿಸಿ, ಕತ್ತಲಾಗುವ ಮುಂಚೆ ದೋಣಿ ಹತ್ತುತ್ತಿದ್ದ. ತಾಯಿ ಪ್ರತಿ ಬೇಸಿಗೆಯಲ್ಲೂ ಆ ಬಟ್ಟೆಯನ್ನು ಅಂಗಳದಲ್ಲಿ ಬಿಸಿಲಿಗೆ ಹರವಿ, ಊರಿನ ಹೆಂಗಸರನ್ನು ಕರೆದು ತೋರಿಸುತ್ತಾಳೆ ಎಂದು ಕೇಳಿದಾಗ ಅವನಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಒಂದು ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಶಿಲಿನ್ ಬಂದು, ಮೈದುನನ ಮಗನಿಗೆ ಎಷ್ಟು ದೂರವೋ ಅಷ್ಟು ದೂರದಲ್ಲಿ ನಿಂತ. ಆ ಸೀಮೆಯಲ್ಲಿ ಹೆಣಕ್ಕೆ ತಣ್ಣನೆಯ ಬಟ್ಟೆ ತೊಡಿಸುವುದಿಲ್ಲ. ಮೊದಲು ಮಗ ಮಣೆಯ ಮೇಲೆ ನಿಂತು ಅದನ್ನು ತನ್ನ ಮೈಮೇಲೆ ಹಾಕಿಕೊಂಡು ಬೆಚ್ಚಗೆ ಮಾಡಬೇಕು, ಆಮೇಲೆ ತಾಯಿಗೆ. ದಾಗೆನ್ ಮಣೆ ಹತ್ತಿದ. ಹೆಂಗಸರು ಪೆಟ್ಟಿಗೆಯಿಂದ ರೇಷ್ಮೆ ತೆಗೆದು ಅವನ ತೋಳಿಗೆ ಹಿಡಿದರು. ಅವನು ತೋಳು ಚಾಚಲಿಲ್ಲ. ಮಣೆಯಿಂದ ಇಳಿದ.

"ತಮ್ಮಾ, ನೀನು ಬಾ."

"ನಾನು..." ಎಂದ ಶಿಲಿನ್.

"ಬಾರೋ. ಅಮ್ಮ ಹೋಗೋಕೆ ಮುಂಚೆ ನನ್ನ ಹತ್ರ ಮಾತು ತಗೊಂಡಿದಾಳೆ. 'ಯಜಮಾನ್ರಿಗೆ ಕಾಗದ ಬೇಕಿತ್ತು, ಕೊಟ್ಟೆ. ಆದ್ರೆ ನನ್ನ ಬಟ್ಟೆ ಬೆಚ್ಚಗೆ ಮಾಡೋಕೆ ಅವನೇ ಬರ್ಬೇಕು. ಜೀವಮಾನದಲ್ಲಿ ಒಂದ್ಸಲನಾದ್ರೂ ಅವನು ರೇಷ್ಮೆ ಹಾಕ್ಕೊಂಡಿದ್ದು ನೋಡ್ದೆ ನಾನು ಹೋಗಲ್ಲ' ಅಂದ್ಲು. ಸತ್ತ ಮೇಲೆ ಹೇಗೆ ನೋಡ್ತೀಯೇ ಅಂದೆ. ಅದು ನನಗೆ ಬಿಡು ಅಂದ್ಲು."

ಯಜಮಾನ ಚೂ ಕೆಮ್ಮಿದ. "ದಾಗೆನ್, ವ್ಯಾಪಾರಿ ರೇಷ್ಮೆ ತೊಟ್ರೆ..."

"ನೀವು ಸ್ವಲ್ಪ ಹೊರಗೆ ಹಿಪ್ಪುನೇರಳೆ ನೋಡ್ಕೊಂಡು ಬನ್ನಿ ಯಜಮಾನ್ರೇ."

ಚಳಿಗಾಲದಲ್ಲಿ ಹಿಪ್ಪುನೇರಳೆಯಲ್ಲಿ ಒಂದು ಎಲೆಯೂ ಇರುವುದಿಲ್ಲ. ಆದರೂ ಚೂ ಎದ್ದು ಹೋದ.

ಶಿಲಿನ್ ಮಣೆ ಹತ್ತಿ ತೋಳು ಚಾಚಿದ. ರೇಷ್ಮೆ ಅವನ ಹೆಗಲ ಮೇಲೆ ಜಾರಿ ಕುಳಿತಿತು, ಮೊದಲು ತಣ್ಣಗೆ, ಆಮೇಲೆ ಮೆಲ್ಲಗೆ ಬೆಚ್ಚಗೆ. ಅವನಿಗೆ ಅಳು ಉಕ್ಕಿ ಬಂತು. ಕಣ್ಣೀರು ಬಿದ್ದರೆ ಆ ಬಟ್ಟೆಗೆ ಕಲೆಯಾಗುತ್ತದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣ ತನ್ನ ಅಂಗಿಯ ತೋಳಿನಿಂದ ಅವನ ಮುಖ ಒರೆಸುತ್ತಲೇ ಇದ್ದ. ಇವನು ತಾಯಿಯ ಬಟ್ಟೆ ಬೆಚ್ಚಗಾಗುವವರೆಗೂ ಮುಖ ಮೇಲೆತ್ತಿಕೊಂಡು ನಿಂತಿದ್ದ.