ತೊಳೆಯೋ ನೀರು ನೋಡುತ್ತಿದ್ದ ಮುನಿರಾಜು

ಮುನಿರಾಜು ಯಾವ ಹೋಟೆಲಿಗೆ ಹೋದರೂ ಮೊದಲು ಕೂರುತ್ತಿರಲಿಲ್ಲ. ಕ್ಯಾಷ್ ಕೌಂಟರಿನವನಿಗೆ ಒಂದು ನಮಸ್ಕಾರ ಹಾಕಿ, ಯಾರಾದರೂ ತಡೆಯುವುದರೊಳಗೆ ಹಿಂದುಗಡೆ ನುಗ್ಗಿ, ತಟ್ಟೆ ಲೋಟ ತೊಳೆಯುವ ತೊಟ್ಟಿಯನ್ನು ಬಗ್ಗಿ ನೋಡುತ್ತಿದ್ದ. ವಾಪಸು ಬಂದು ತಲೆಯಾಡಿಸಿದರೆ ನಾವು ತಿನ್ನಬಹುದು. ಕೈಯಾಡಿಸಿದರೆ ಮುಂದಿನ ಹೋಟೆಲಿಗೆ ನಡೆಯಬೇಕು. "ಅಡುಗೆ ಯಾರ್ ಬೇಕಾದ್ರೂ ಚೆನ್ನಾಗ್ ಮಾಡ್ತಾರೆ ಗುರು. ತೊಳೆಯೋ ನೀರು ನೋಡು, ಹೋಟ್ಲೋನ ಜಾತಕ ಅಲ್ಲೈತೆ" ಅನ್ನುತ್ತಿದ್ದ.

ನಾವು ನಾಲ್ವರು ಜಯನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ನಾನು ಪ್ರೂಫ್ ತಿದ್ದುತ್ತಿದ್ದೆ. ಪ್ರಭಾಕರ ಆಫೀಸು ನೋಡಿಕೊಳ್ಳುತ್ತಿದ್ದ. ಗಂಗಾಧರ ಬೈಂಡಿಂಗ್, ಮುನಿರಾಜು ಮೆಷಿನ್. ಸಂಜೆ ಮೆಷಿನ್ ನಿಲ್ಲಿಸಿದ ಮೇಲೆ ಅವನು ಸೀಮೆಎಣ್ಣೆಯಲ್ಲಿ ಒಮ್ಮೆ, ಸೋಪಿನಲ್ಲಿ ಎರಡು ಸಲ ಕೈ ತೊಳೆದು, ಮೂಸಿ ನೋಡಿ, ಸಾಲದೆಂದು ಇನ್ನೊಮ್ಮೆ ತೊಳೆಯುತ್ತಿದ್ದ. ಅಷ್ಟಾದರೂ ಉಗುರಿನ ಸಂದಿಯಲ್ಲಿ ಇಂಕು ಇದ್ದೇ ಇರುತ್ತಿತ್ತು.

ಮಾಲೀಕರು ಜಾಗ ಮಾರಿದರು, ಪ್ರೆಸ್ ಮುಚ್ಚಿತು. ಅವತ್ತು ಗೇಟಿನ ಹತ್ತಿರ ನಾವು ಮೂವರು ಮುಖ ಮುಖ ನೋಡಿಕೊಂಡು ನಿಂತಿದ್ದಾಗ ಮುನಿರಾಜುವೇ ಕಟ್ಟಳೆ ಮಾಡಿದ. ತಿಂಗಳ ಮೊದಲ ಶನಿವಾರ, ಸಂಜೆ ಆರಕ್ಕೆ, ಬನಶಂಕರಿ ಮೆಟ್ರೋ ಸ್ಟೇಷನ್ ಮೆಟ್ಟಿಲ ಕೆಳಗೆ. ನಾನು ತಲಘಟ್ಟಪುರದಿಂದ, ಪ್ರಭಾಕರ ಜೆ.ಪಿ. ನಗರದಿಂದ, ಗಂಗಾಧರ ಜಯನಗರದಿಂದ ರೈಲಿನಲ್ಲಿ ಬಂದು ಇಳಿಯುತ್ತಿದ್ದೆವು. ಚಿಕ್ಕಲಸಂದ್ರದಿಂದ ಬಸ್ಸಿನಲ್ಲಿ ಬರಬೇಕಾದ ಅವನೇ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಇಸ್ತ್ರಿ ಶರ್ಟು ಹಾಕಿಕೊಂಡು ನಿಂತಿರುತ್ತಿದ್ದ. "ಒಂದ್ ರೈಲ್ ಬಂತು, ನೀನಿಲ್ಲ. ಇನ್ನೊಂದ್ ಬಂತು, ಅದ್ರಲ್ಲೂ ಇಲ್ಲ. ಏನ್ ಸೀನ, ಹಳಿ ಮೇಲೆ ನಡ್ಕೊಂಡ್ ಬಂದ್ಯಾ?" ಎಂದು ನನ್ನನ್ನು ಬೈಯುವುದರಿಂದಲೇ ಅವನ ಸಂಜೆ ಶುರುವಾಗುತ್ತಿತ್ತು.

ತಿನ್ನುತ್ತಿದ್ದದ್ದು ಮಾತ್ರ ಪ್ರತಿ ಸಲ ಒಂದೇ, ಸೆಟ್ ದೋಸೆ. ಮೂರರಲ್ಲಿ ಒಂದನ್ನು ನನ್ನನ್ನು ಕೇಳದೆಯೇ ನನ್ನ ತಟ್ಟೆಗೆ ಹಾಕುತ್ತಿದ್ದ. ಆಮೇಲೆ ಬೈಟು ಕಾಫಿ. ಇಡೀ ಕಾಫಿಯನ್ನು ಅವನು ಒಬ್ಬನೇ ಕುಡಿದದ್ದನ್ನು ನಾನು ಕಾಣೆ.

ಅವನಿಗೆ ಊಟಕ್ಕೇನೂ ಬರವಿರಲಿಲ್ಲ. ಅಪ್ಪನ ರಾಗಿ ಹೊಲದಲ್ಲಿ ಉಳಿದ ತುಂಡಿನ ಮೇಲೆ ನಾಲ್ಕು ಬಾಡಿಗೆ ಮನೆ ಕಟ್ಟಿಸಿದ್ದ. ಮಗ ಸೊಸೆ ಇಬ್ಬರೂ ಒಳ್ಳೆಯವರು, ಆದರೆ ಇಬ್ಬರೂ ಶಿಫ್ಟಿನವರು. ಆ ಮನೆಯಲ್ಲಿ ಒಬ್ಬೊಬ್ಬರು ತಿನ್ನುವುದು ಒಂದೊಂದು ಹೊತ್ತು. "ತಿಂಗಳಿಗೆ ಒಂದೇ ದಿನ ಕಣೋ ನಾನು ಊಟ ಮಾಡೋದು. ಮಿಕ್ಕಿದ್ ದಿನ ಹೊಟ್ಟೆ ತುಂಬ್ಸದು ಅಷ್ಟೆ" ಎಂದು ಒಮ್ಮೆ ಹೇಳಿದ್ದ. ಆ ಮಾತನ್ನು ಕೇಳಿಯೂ ನಾನು ಮುಂದೆ ಮಾಡಿದ್ದನ್ನು ಮಾಡಿದೆ.

ತೊಳೆಯೋ ನೀರಿನ ಹುಚ್ಚಿಗೆ ಕಾರಣವೂ ನನಗೆ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿತ್ತು. ಒಂದು ಶನಿವಾರ ಉಳಿದಿಬ್ಬರು ಬರುವುದು ತಡವಾಗಿ, ಸ್ಟೇಷನ್ನಿನ ಮೆಟ್ಟಿಲ ಮೇಲೆ ನಾವಿಬ್ಬರೇ ಕೂತಿದ್ದೆವು. ಅವನ ಹೆಂಡತಿ ಯಾವುದೋ ಛತ್ರದ ಮದುವೆ ಊಟ ಮಾಡಿಕೊಂಡು ಬಂದವಳು ಕಾಮಾಲೆ ಹಿಡಿದು ತೀರಿಕೊಂಡಿದ್ದಳು. "ಅಡುಗೆ ಬೊಂಬಾಟಾಗಿತ್ತಂತೆ ಸೀನ. ಹೊಗಳ್ತಾನೇ ಮಲಗಿದ್ಲು. ಅವತ್ತು ನಾನೂ ಹೋಗಿದ್ರೆ ಹಿಂದ್ಗಡೆ ಹೋಗಿ ಒಂದ್ಸಲ ನೋಡ್ತಿದ್ದೆ" ಅಂದ. ಅಷ್ಟು ಹೇಳಿ ಎದ್ದು, ಬರುತ್ತಿದ್ದ ಗಂಗಾಧರನನ್ನು ಬೈಯಲು ಹೋದ.

ಹೀಗಿರುವಾಗ ಪ್ರಭಾಕರನ ಮಗಳಿಗೆ ಸಂಬಂಧ ಕುದುರಿತು. ಬೀಗರಾಗುವವರಿಗೆ ಬನಶಂಕರಿಯಲ್ಲೇ ಒಂದು ಏಸಿ ಹೋಟೆಲಿನಲ್ಲಿ ಊಟ ಹಾಕಿಸಿದ. ಹಳೆಯ ಸ್ನೇಹಿತರೆಂದು ನಮ್ಮನ್ನೂ ಕರೆದಿದ್ದ. ಸೂಪ್ ಬಂತು. ಬೀಗರು ಚಮಚ ಎತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಮುನಿರಾಜು ಬಂದ. "ಏಳ್ರಿ, ಎಲ್ರೂ ಏಳ್ರಿ. ಲೋಟ ತೊಳೆಯೋ ನೀರು ಸಾರಿನ್ ತರ ಐತೆ. ಅಮ್ಮಾ, ನೀವೂ ಕೆಳಗಿಡಿ ಅದನ್ನ" ಎಂದು ಗಂಡಿನ ತಾಯಿಗೇ ಹೇಳಿದ. ಇಡೀ ಹೋಟೆಲು ನಮ್ಮ ಕಡೆ ತಿರುಗಿತು. ಮ್ಯಾನೇಜರ್ ಓಡಿ ಬಂದ. ಬೀಗರು ನಕ್ಕರು, ಆದರೆ ಆಮೇಲೆ ಯಾರೂ ಸರಿಯಾಗಿ ತಿನ್ನಲಿಲ್ಲ. ಮದುವೆಯೇನೂ ನಿಲ್ಲಲಿಲ್ಲ. ಆದರೆ ಪ್ರಭಾಕರನಿಗೆ ಆದ ಅವಮಾನ ಆರಲಿಲ್ಲ.

"ಅವನಿದ್ರೆ ನಾನ್ ಬರಲ್ಲ" ಅಂದ. ಗಂಗಾಧರ ಎಂದಿನಂತೆ ಅಡ್ಡಗೋಡೆಯ ಮೇಲಿನ ದೀಪ. ಉಪಾಯ ಹೇಳಿದವನು ನಾನು. ಬನಶಂಕರಿ ಬೇಡ, ಜಯನಗರ ಸ್ಟೇಷನ್ ಹತ್ತಿರ ಸೇರೋಣ, ಮುನಿರಾಜುಗೆ ಈ ತಿಂಗಳು ಇಲ್ಲ ಅಂದರಾಯಿತು ಅಂದೆ. ಫೋನ್ ಮಾಡಿದವನೂ ನಾನೇ. ಜೀವಮಾನವಿಡೀ ಇನ್ನೊಬ್ಬರ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ ಸುಳ್ಳು ಎಷ್ಟು ಸಲೀಸಾಗಿ ಬಂತು! "ಪ್ರಭಾಕರಂಗೆ ಹುಷಾರಿಲ್ಲ ಕಣೋ, ಬಿಪಿ. ಈ ಸಲ ಬೇಡ." ಆ ಕಡೆಯಿಂದ, "ಅಯ್ಯೋ ಬಿಡು ಗುರು, ಊಟ ಎಲ್ಲಿ ಹೋಗುತ್ತೆ. ಉಪ್ಪು ಕಮ್ಮಿ ಮಾಡಕ್ಕೇಳು" ಅಂದ. ಮುಂದಿನ ತಿಂಗಳೂ ಅದೇ ಸುಳ್ಳು ಹೇಳಿದೆ. ಮೂರನೇ ತಿಂಗಳೂ ಹೇಳಿದೆ. ಮೂರು ತಿಂಗಳು ಹಾಸಿಗೆ ಹಿಡಿದ ಸ್ನೇಹಿತನನ್ನು ಮುನಿರಾಜು ನೋಡಲು ಹೋಗದೆ ಇರುತ್ತಾನೆಯೇ ಎಂದು ನನಗೆ ಹೊಳೆಯಲೇ ಇಲ್ಲ.

ಆ ಮೂರನೇ ಶನಿವಾರ ಅವನು ಮೂಸಂಬಿ ತೆಗೆದುಕೊಂಡು ಜೆ.ಪಿ. ನಗರಕ್ಕೆ ಹೋದ. ಪ್ರಭಾಕರನ ಹೆಂಡತಿ ಬಾಗಿಲು ತೆರೆದು, "ಅವ್ರು ಜಯನಗರ ಸ್ಟೇಷನ್ ಹತ್ರ ಊಟಕ್ಕೆ ಹೋದ್ರಲ್ಲ, ನೀವ್ ಹೋಗ್ಲಿಲ್ವಾ ಅಣ್ಣಾ?" ಅಂದರಂತೆ. ಹೋಟೆಲಿನ ಹೆಸರನ್ನೂ ಹೇಳಿದರಂತೆ.

ನಾವು ಮೂವರು ಗಾಜಿನ ಗೋಡೆಯ ಪಕ್ಕದಲ್ಲಿ ಕೂತಿದ್ದೆವು. ಆಗಷ್ಟೇ ತಟ್ಟೆ ಬಂದಿತ್ತು. ಇಸ್ತ್ರಿ ಶರ್ಟಿನ ಮುನಿರಾಜು ರಸ್ತೆ ದಾಟಿ ಬರುವುದನ್ನು ನಾನೇ ಮೊದಲು ನೋಡಿದೆ, ನೋಡಿ ತಲೆ ತಗ್ಗಿಸಿದೆ. ಅವನು ಬಂದು ಮೂಸಂಬಿ ಚೀಲವನ್ನು ಪ್ರಭಾಕರನ ಮುಂದಿಟ್ಟ. ಅವನ ಮುಖವನ್ನು ಒಂದು ಗಳಿಗೆ ನೋಡಿ, "ಹುಷಾರಾಗಿದ್ದೀಯಲ್ಲ, ಸಾಕು" ಅಂದ. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಕೂತ್ಕೋ ಮುನಿರಾಜು" ಅನ್ನಬೇಕಾದವನು ನಾನು. ನಾಲ್ಕನೆಯ ಕುರ್ಚಿ ಖಾಲಿಯೇ ಇತ್ತು, ಅದರ ಮೇಲೆ ನನ್ನ ಛತ್ರಿ ಇಟ್ಟಿದ್ದೆ. ಅದನ್ನಾದರೂ ತೆಗೆಯಬಹುದಿತ್ತು.

ಅವನು ಅಭ್ಯಾಸದಂತೆ ಹಿಂದುಗಡೆ ಹೋದ. ನಾವು ತಟ್ಟೆ ನೋಡಿಕೊಂಡು ಕೂತೆವು. ವಾಪಸು ಬಂದವನು, "ನೀರು ಚೆನ್ನಾಗೈತೆ. ತಿನ್ನಿ" ಅಂದ. ಹೊರಗೆ ಹೋಗಿ ಸ್ಟೇಷನ್ ಕಡೆ ನಡೆದ.

ನಾವು ತಿಂದೆವು. ಇದನ್ನು ಬರೆಯದೆ ಇರಬಹುದಿತ್ತು, ಆದರೆ ತಿಂದೆವು, ಕಾಫಿಯನ್ನೂ ಕುಡಿದೆವು. ಆಮೇಲೆ ನಾವು ಮೂವರೂ ಸೇರಲಿಲ್ಲ. ಫೋನ್ ಮಾಡಿ ಕ್ಷಮೆ ಕೇಳಬೇಕೆಂದು ದಿನಾ ಅಂದುಕೊಂಡೆ. ಇವತ್ತು ಬೇಡ, ನಾಳೆ ಎಂದು ನಾಲ್ಕು ತಿಂಗಳು ಕಳೆದೆ. ಕೊನೆಗೆ ಫೋನ್ ಬಂದದ್ದು ಗಂಗಾಧರನದು. ಹಿಂದಿನ ದಿನ ಬೆಳಿಗ್ಗೆ ಎದೆನೋವು ಬಂದು, ಆಸ್ಪತ್ರೆ ತಲುಪುವುದರೊಳಗೆ ಮುನಿರಾಜು ಹೋಗಿದ್ದ. ಮಣ್ಣೂ ಆಗಿಹೋಗಿತ್ತು.

ಚಿಕ್ಕಲಸಂದ್ರದ ಮನೆಗೆ ನಾನೊಬ್ಬನೇ ಹೋದೆ. ಸೊಸೆ ನನ್ನನ್ನು ಮೊದಲ ಸಲ ನೋಡುತ್ತಿದ್ದದ್ದು, ಆದರೆ ಹೆಸರು ಹೇಳಿದ ಕೂಡಲೇ ಗುರುತು ಹಿಡಿದಳು. "ಬನ್ನಿ ಅಂಕಲ್. ಮಾವ ನಿಮ್ ವಿಷ್ಯಾನೇ ಹೇಳ್ತಿದ್ರು. ತಿಂಗಳ ಮೊದಲ್ನೇ ಶನಿವಾರ ಬಂತು ಅಂದ್ರೆ ಮಧ್ಯಾಹ್ನದಿಂದ್ಲೇ ಶರ್ಟು ಇಸ್ತ್ರಿ ಮಾಡ್ಕೊಳೋರು. ಹೋದ್ ತಿಂಗಳೂ ನಿಮ್ ಜೊತೆ ಊಟ ಮಾಡ್ಕೊಂಡ್ ಬಂದ್ರಲ್ಲ, ಎಷ್ಟ್ ಖುಷಿಯಾಗಿದ್ರು ಗೊತ್ತಾ?"

ಆ ಶನಿವಾರಗಳಲ್ಲಿ ಅವನು ಎಲ್ಲಿಗೆ ಹೋಗುತ್ತಿದ್ದನೋ, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಿದ್ದನೋ ನನಗೆ ತಿಳಿಯದು. ನಮ್ಮ ಮಾನ ಕಾಯಲು ಅವನೂ ಸುಳ್ಳು ಹೇಳಿದ್ದ.

"ಒಂದ್ ವಿಷ್ಯ ಕೇಳ್ಬೇಕಿತ್ತು ಅಂಕಲ್" ಅಂದಳು ಸೊಸೆ. "ಹನ್ನೊಂದನೇ ದಿನ ಅವ್ರಿಗೆ ಇಷ್ಟ ಆಗಿದ್ದೆಲ್ಲ ಎಡೆಗೆ ಇಡ್ಬೇಕು. ಮನೇಲಿ ಏನ್ ಹಾಕಿದ್ರೂ ತಿನ್ನೋರು, ಇಷ್ಟ ಏನಂತ ನಮ್ಗೆ ಗೊತ್ತೇ ಆಗ್ಲಿಲ್ಲ. ಹೋದ್ ತಿಂಗಳು ನಿಮ್ ಜೊತೆ ಏನ್ ತಿಂದ್ರು?"

"ಸೆಟ್ ದೋಸೆ ಕಣಮ್ಮ" ಅಂದೆ. "ಆಮೇಲೆ ಕಾಫಿ."

"ಎಷ್ಟ್ ದೋಸೆ ಇಡೋಣ ಅಂಕಲ್?"

"ಎರಡು" ಅಂದೆ. "ಮೂರನೇದು ನನಗೆ ಹಾಕ್ತಿದ್ದ."